ಕೆಸರಿನಲ್ಲಿ ಮೊಣಕಾಲೂರಿ: ಪುಟಾಣಿ ಮಾಸ್‌ಗಳನ್ನು ಹುಡುಕಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಪೆನ್ನಿನ ಮುಚ್ಚಳ ಕೆಸರಿಗೆ ಬಿದ್ದಿತ್ತು. ಹೆಕ್ಕಲು ಬಗ್ಗಿದೆ. ಮುಚ್ಚಳದ ಪಕ್ಕದಲ್ಲೇ ಯಾವುದೋ ದನದ ಗೊರಸು ಒತ್ತಿದ ಗುಳಿ. ಅದರ ಒಳಗೋಡೆಯಲ್ಲಿ ಹಸಿರು ಚುಕ್ಕಿಗಳಿದ್ದವು. ಲೆನ್ಸ್ ಹಿಡಿದು ನೋಡಿದರೆ ಒಂದೊಂದು ಚುಕ್ಕಿಯೂ ಒಂದು ಗಿಡ. ಐದಾರು ಎಲೆ, ಎಲೆಗಳ ನಡುವೆ ಕೂತ ಒಂದು ಕಿತ್ತಳೆ ಬಣ್ಣದ ಗುಂಡು. ಇಡೀ ಗಿಡ 1.5 ಮಿ.ಮೀ. ಎತ್ತರ ಇದ್ದಿರಬಹುದು. ಅದಕ್ಕೂ ಮೊದಲು ಎರಡು ಗಂಟೆ ಅದೇ ದಂಡೆಯ ಮೇಲೆ ಅತ್ತಿಂದಿತ್ತ ಓಡಾಡಿದ್ದೆ. 'ಇಲ್ಲೇನೂ ಇಲ್ಲ' ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಆಗಿತ್ತು. ಆ ಸಾಲು ಬರೆದು ಮುಗಿಸುವಾಗಲೇ ಮುಚ್ಚಳ ಕೈಜಾರಿದ್ದು.

ಕೆಸರಿನ ಮಾಸ್ ಹುಡುಕಲು ಕಣ್ಣಿಗಿಂತ ಮೊಣಕಾಲಿಗೇ ಜಾಸ್ತಿ ಕೆಲಸ. ನಿಂತು ನೋಡಿದವರಿಗೆ ಅದು ಕಾಣುವುದಿಲ್ಲ. ಸರಿಯಾದ ಹೊತ್ತಿನಲ್ಲಿ ಸರಿಯಾದ ಜಾಗದಲ್ಲಿ ಮಂಡಿಯೂರಿದರೆ ಮಾತ್ರ ಸಿಗುತ್ತದೆ. ಆ ಹೊತ್ತು ಯಾವುದು, ಆ ಜಾಗ ಯಾವುದು, ಸಿಕ್ಕಿದ್ದಕ್ಕೆ ಹೆಸರಿಡುವುದು ಹೇಗೆ ಎಂದು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ಒಂದು ಮಾತು. ನಮ್ಮ ಮಾತಿನಲ್ಲಿ ಹಸಿರಾಗಿ, ಜಾರುವಂತಿದ್ದದ್ದೆಲ್ಲ 'ಪಾಚಿ'. ಶಾಲೆಯ ಪುಸ್ತಕ ಇವನ್ನು 'ಹಾವಸೆ ಸಸ್ಯ' ಎನ್ನುತ್ತದೆ. ಆದರೆ ಆ ಪದದೊಳಗೆ ಮಾಸ್ ಜೊತೆಗೆ ಲಿವರ್‌ವರ್ಟ್, ಹಾರ್ನ್‌ವರ್ಟ್ ಕೂಡ ಸೇರುತ್ತವೆ. ಗೊಂದಲ ಬೇಡ ಎಂದು ನಾನು ಇಲ್ಲಿ 'ಮಾಸ್' ಎಂದೇ ಬರೆಯುತ್ತೇನೆ. ಸಣ್ಣ ಕಾಂಡ, ಕಾಂಡದ ಸುತ್ತ ಎಲೆ, ಬೇರಿನ ಬದಲು ಎಳೆಗಳು, ಬೀಜದ ಬದಲು ಬೀಜಾಣು. ಹೂವಿಲ್ಲ.

ಹೆಜ್ಜೆ 1: ನೀರು ಸರಿಯುವುದನ್ನು ಕಾಯಿರಿ

ಈ ಮಾಸ್‌ಗಳ ಬಾಳು ಬಹಳ ಚಿಕ್ಕದು. ವರ್ಷದ ಹೆಚ್ಚು ಕಾಲ ಇವು ಗಿಡಗಳಾಗಿ ಇರುವುದೇ ಇಲ್ಲ. ನೀರಿನಡಿಯ ಹೂಳಿನಲ್ಲಿ ಬೀಜಾಣುಗಳಾಗಿ ಮಲಗಿರುತ್ತವೆ. ನೀರು ಇಳಿದು ಕೆಸರು ಗಾಳಿ ಬೆಳಕಿಗೆ ತೆರೆದುಕೊಂಡಾಗ ಮೊಳೆಯುತ್ತವೆ. ಮತ್ತೆ ನೀರು ಏರುವುದರೊಳಗೆ, ಅಥವಾ ಕೆಸರು ಪೂರ್ತಿ ಒಣಗುವುದರೊಳಗೆ ಬೆಳೆದು, ಬೀಜಾಣು ಕಟ್ಟಿ, ಸಾಯುತ್ತವೆ. ಇದೆಲ್ಲಕ್ಕೂ ಸಿಗುವ ಸಮಯ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು.

ಹಾಗಾಗಿ ಕ್ಯಾಲೆಂಡರ್ ನೋಡಿ ಪ್ರಯೋಜನವಿಲ್ಲ, ನೀರಿನ ಮಟ್ಟ ನೋಡಬೇಕು. ಚಳಿ ದೇಶಗಳಲ್ಲಿ ಬೇಸಿಗೆಯ ಕೊನೆಯಿಂದ ಚಳಿಗಾಲದ ಶುರುವಿನವರೆಗೆ ಒಳ್ಳೆಯ ಕಾಲ. ಮಳೆಗಾಲವಿರುವ ಕಡೆ, ಮಳೆ ನಿಂತು ನೀರು ಹಿಂದೆ ಸರಿಯುತ್ತಾ ಹೋಗುವ ತಂಪಿನ ದಿನಗಳು. ನೀರು ಸರಿದ ಮರುದಿನವೇ ಹೋದರೆ ಬರೀ ಲೋಳೆ ಸಿಗುತ್ತದೆ. ಒಂದೂವರೆ ಎರಡು ತಿಂಗಳು ಬಿಟ್ಟು ಹೋಗಿ. ಕ್ಯಾಪ್ಸೂಲ್ ಇರುವ ಗಿಡ ಸಿಗಬೇಕಲ್ವಾ, ಅದಕ್ಕೆ ಅಷ್ಟು ಸಮಯ ಬೇಕು. ಕ್ಯಾಪ್ಸೂಲ್ ಅಂದರೆ ಬೀಜಾಣು ತುಂಬಿದ ಡಬ್ಬಿ. ಮುಂದೆ ಹೆಸರು ಹಿಡಿಯುವಾಗ ನಮ್ಮ ಅರ್ಧ ಕೆಲಸ ಅದೇ ಮಾಡುತ್ತದೆ.

ಇನ್ನೊಂದು ವಿಷಯ. ಹೋದ ವರ್ಷ ಸಾವಿರಗಟ್ಟಲೆ ಇದ್ದ ಜಾಗದಲ್ಲಿ ಈ ವರ್ಷ ಒಂದೂ ಇಲ್ಲದಿರಬಹುದು. ನೀರು ಇಳಿಯದಿದ್ದರೆ ಮಾಸ್ ಏಳುವುದಿಲ್ಲ. 'ಇಲ್ಲಿಂದ ಅಳಿದುಹೋಯಿತು' ಎಂದು ಬರೆಯಲು ಅವಸರ ಮಾಡಬೇಡಿ. ಬೀಜಾಣುಗಳು ಹೂಳಿನಲ್ಲಿ ವರ್ಷಗಟ್ಟಲೆ ಕಾಯಬಲ್ಲವು.

ಹೆಜ್ಜೆ 2: ದಂಡೆಯನ್ನು ಪಟ್ಟಿಗಳಾಗಿ ನೋಡಿ

ನೀರಿಳಿದ ದಂಡೆ ಒಂದೇ ಥರ ಇರುವುದಿಲ್ಲ. ನೀರಿನಂಚಿನಿಂದ ಮೇಲಕ್ಕೆ ನಡೆಯುತ್ತಾ ಬನ್ನಿ.

ತೀರಾ ಕೆಳಗೆ ಮಿರಮಿರ ಮಿನುಗುವ ಹಸಿ ರಾಡಿ. ಇಲ್ಲಿ ಶೈವಲ (ಆಲ್ಗೆ) ಮಾತ್ರ. ತೀರಾ ಮೇಲೆ ಹುಲ್ಲು, ಕಳೆ, ಒತ್ತಾಗಿ ಬೆಳೆದ ಗಿಡಗಳು. ಅಲ್ಲಿ ಬೆಳಕಿಗೆ ಪೈಪೋಟಿ ಜಾಸ್ತಿ, ಪುಟಾಣಿಗಳಿಗೆ ಉಳಿಗಾಲವಿಲ್ಲ. ನಮಗೆ ಬೇಕಾದ್ದು ಇವೆರಡರ ನಡುವಿನ ಪಟ್ಟಿ. ಅಲ್ಲಿ ಕೆಸರು ಗಟ್ಟಿಯಾಗಿರುತ್ತದೆ, ಆದರೆ ಒಣಗಿರುವುದಿಲ್ಲ. ಬೆರಳಿಟ್ಟರೆ ತಣ್ಣಗಿರುತ್ತದೆ. ಒತ್ತಿದರೆ ಅಚ್ಚು ಮೂಡುತ್ತದೆ, ಬೆರಳಿಗೆ ಮೆತ್ತಿಕೊಳ್ಳುವುದಿಲ್ಲ. ಸಣ್ಣ ಬಿರುಕುಗಳು ಆಗಷ್ಟೇ ಬಿಡತೊಡಗಿರುತ್ತವೆ.

ಈ ಪಟ್ಟಿಯಲ್ಲೂ ಎಲ್ಲೆಂದರಲ್ಲಿ ಮಂಡಿಯೂರಬೇಡಿ. ಮೊದಲು ಬಿರುಕಿನ ಅಂಚು ನೋಡಿ, ಅಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಆಮೇಲೆ ಗೊರಸಿನ ಗುಳಿ, ಚಕ್ರದ ಜಾಡು, ಎರೆಹುಳು ಎತ್ತಿದ ಮಣ್ಣಿನ ಸಣ್ಣ ಗುಪ್ಪೆ. ನೆಲ ಎಲ್ಲಿ ಏರುಪೇರಾಗಿದೆಯೋ ಅಲ್ಲಿ ಮಾಸ್‌ಗೆ ಜಾಗವಿದೆ. ಸಪಾಟು ನೆಲದಲ್ಲಿ ಮಳೆಹನಿ ಬಿದ್ದಾಗ ಎಳೆ ಗಿಡಗಳ ಮೇಲೆ ಹೂಳು ಕೂರುತ್ತದೆ, ಓರೆಯಾದ ಗೋಡೆಯಲ್ಲಿ ಅಷ್ಟು ಕೂರುವುದಿಲ್ಲ. ನುಣುಪು ಹೂಳಿರುವ ಕಡೆ ಹೋಗಿ. ದಪ್ಪ ಮರಳಿನ ದಂಡೆಯಲ್ಲಿ ನನಗೆ ಸಿಕ್ಕಿದ್ದು ಬಹಳ ಕಮ್ಮಿ.

ನೆಲದ ಮೇಲೆ ತೆಳ್ಳಗೆ ಹಸಿರು ಮಂಜು ಕವಿದಂತೆ ಕಂಡರೆ ಅಲ್ಲೇ ನಿಲ್ಲಿ. ಅದು ಪ್ರೋಟೋನೀಮ ಇರಬಹುದು. ಬೀಜಾಣು ಮೊಳೆತಾಗ ನೇರವಾಗಿ ಗಿಡ ಬರುವುದಿಲ್ಲ, ಮೊದಲು ಕೂದಲಿನಂಥ ಹಸಿರು ಎಳೆಗಳು ನೆಲದ ಮೇಲೆ ಹಬ್ಬುತ್ತವೆ. ಅದೇ ಪ್ರೋಟೋನೀಮ. ಗಿಡಗಳು ಅದರ ಮೇಲೆ ಮೊಗ್ಗಿನಂತೆ ಮೂಡುತ್ತವೆ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಈ ಹಸಿರು ಚೆನ್ನಾಗಿ ಎದ್ದು ಕಾಣುತ್ತದೆ. ನಡುಮಧ್ಯಾಹ್ನದ ಬಿಸಿಲು ಎಲ್ಲವನ್ನೂ ಚಪ್ಪಟೆ ಮಾಡಿಬಿಡುತ್ತದೆ.

ಹೆಜ್ಜೆ 3: ಚೀಲ, ಮತ್ತು ಜೀವ

ಸಾಮಾನು ಜಾಸ್ತಿ ಬೇಡ. 10 ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಲೆನ್ಸ್, ಸಾಧ್ಯವಾದರೆ 20 ಪಟ್ಟಿನದೂ ಒಂದು. ಸಣ್ಣ ಚಪ್ಪಟೆ ಚಾಕು. ತುದಿ ಚೂಪಾದ ಚಿಮುಟ. ನೀರು ಸಿಂಪಡಿಸುವ ಪುಟ್ಟ ಬಾಟಲಿ. ಖಾಲಿ ಬೆಂಕಿಪೊಟ್ಟಣಗಳು, ಟಿಶ್ಯೂ ಕಾಗದ. ಪೆನ್ಸಿಲ್, ಯಾಕೆಂದರೆ ಒದ್ದೆ ಕೈಗೆ ಪೆನ್ನಿನ ಶಾಯಿ ಕಲೆಸುತ್ತದೆ, ಮುಚ್ಚಳವೂ ಬೀಳುತ್ತದೆ. ಮಂಡಿಯಡಿ ಹಾಕಲು ದಪ್ಪ ಸ್ಪಂಜಿನ ತುಂಡು. ಇದೊಂದನ್ನು ಮಾತ್ರ ಮರೆಯಬೇಡಿ. ಮಂಡಿ ನೋಯತೊಡಗಿದರೆ ಹುಡುಕಾಟ ಹತ್ತು ನಿಮಿಷಕ್ಕೇ ಮುಗಿಯುತ್ತದೆ.

ಕೆಸರನ್ನು ನಂಬಬೇಡಿ. ಮೇಲೆ ಬಿರುಕು ಬಿಟ್ಟ ಗಟ್ಟಿ ನೆಲ, ಕೆಳಗೆ ಗಂಜಿಯಂಥ ಹೂಳು ಇರುವುದು ಮಾಮೂಲು. ನಾನು ಒಮ್ಮೆ ತೊಡೆಯವರೆಗೆ ಹೂತುಹೋಗಿದ್ದೆ. ಮೇಲೆ ಬಂದೆ, ಬೂಟು ಅಲ್ಲೇ ಉಳಿಯಿತು. ಉದ್ದ ಕೋಲಿನಿಂದ ಚುಚ್ಚಿ ನೋಡದೆ ಹೆಜ್ಜೆ ಇಡಬೇಡಿ, ಒಬ್ಬರೇ ಹೋಗಬೇಡಿ. ಕೈಕಾಲಿನಲ್ಲಿ ಗಾಯವಿದ್ದರೆ ಮುಚ್ಚಿಕೊಳ್ಳಿ, ನಿಂತ ನೀರಿನಿಂದ ಇಲಿಜ್ವರ ತಗಲುವ ಅಪಾಯವಿದೆ. ಸಂರಕ್ಷಿತ ಜಾಗವಾದರೆ ಮೊದಲೇ ಅನುಮತಿ ಪಡೆಯಿರಿ. ಮುಗಿಸಿ ಹೊರಡುವಾಗ ಬೂಟು ತೊಳೆದು ಒಣಗಿಸಿ. ಒಂದು ಜೌಗಿನ ಕೆಸರನ್ನು ಇನ್ನೊಂದಕ್ಕೆ ಹೊತ್ತೊಯ್ದರೆ ಅದರ ಜೊತೆ ಏನೇನು ಹೋಗುತ್ತದೆ ಎಂದು ಹೇಳಲಾಗದು.

ಹೆಜ್ಜೆ 4: ಅಂಗೈಯಗಲ ಜಾಗ, ಹತ್ತು ನಿಮಿಷ

ಲೆನ್ಸ್ ಹಿಡಿಯುವ ಕ್ರಮವನ್ನೇ ಬಹಳ ಜನ ತಪ್ಪಾಗಿ ಕಲಿತಿರುತ್ತಾರೆ. ಅದನ್ನು ವಸ್ತುವಿನ ಮೇಲೆ ಹಿಡಿದು ದೂರದಿಂದ ಇಣುಕುವುದಲ್ಲ. ಲೆನ್ಸನ್ನು ಕಣ್ಣಿಗೆ ತಾಗಿಸುವಷ್ಟು ಹತ್ತಿರ ತನ್ನಿ, ಕೈಯನ್ನು ಕೆನ್ನೆಗೆ ಆನಿಸಿ. ಆಮೇಲೆ ಮುಖವನ್ನೇ ನೆಲಕ್ಕೆ ಇಳಿಸಿ. 10 ಪಟ್ಟಿನ ಲೆನ್ಸ್‌ಗೆ ವಸ್ತು ಸುಮಾರು 2.5 ಸೆಂ.ಮೀ. ದೂರದಲ್ಲಿರಬೇಕು, 20 ಪಟ್ಟಿನದಕ್ಕೆ ಅದರ ಅರ್ಧ. ಅಂದರೆ ಮೂಗಿಗೆ ಕೆಸರು ತಾಗುತ್ತದೆ. ತಾಗಲಿ ಬಿಡಿ.

ಅಂಗೈಯಷ್ಟು ಜಾಗ ಆರಿಸಿಕೊಳ್ಳಿ. ಸಾಲು ಸಾಲಾಗಿ, ಓದಿದ ಹಾಗೆ, ಎಡದಿಂದ ಬಲಕ್ಕೆ ನೋಡಿ. ಮೊದಲ ನಿಮಿಷ ಏನೂ ಕಾಣುವುದಿಲ್ಲ. ಎರಡನೆಯ ನಿಮಿಷದಲ್ಲಿ ಕಣ್ಣು ಅಳತೆಗೆ ಹೊಂದಿಕೊಳ್ಳುತ್ತದೆ. ಮರಳಿನ ಕಾಳು ಬಂಡೆಯಾಗುತ್ತದೆ. ಮೊದಲು ದೊಡ್ಡ ಮಾಸ್ ಕಾಣುತ್ತದೆ, ಅಂದರೆ 5 ಮಿ.ಮೀ.ನದು. ಅದನ್ನು ನೋಡಿ ಖುಷಿಯಾಗಿ ಎದ್ದುಬಿಡುವವರೇ ಜಾಸ್ತಿ. ಏಳಬೇಡಿ. ಅದರ ಬುಡದಲ್ಲಿ 2 ಮಿ.ಮೀ.ನದು ಇರುತ್ತದೆ, ಅದರ ಪಕ್ಕದಲ್ಲಿ 1 ಮಿ.ಮೀ.ನದು. ಒಂದೇ ಅಂಗೈ ಜಾಗದಲ್ಲಿ ನಾಲ್ಕೈದು ಬಗೆ ಒಟ್ಟಿಗೆ ಇರುವುದು ಅಪರೂಪವೇನಲ್ಲ.

ಮೇಲೆ ಒಣಗಿದಂತಿದ್ದರೆ ಎರಡು ಸಲ ನೀರು ಸಿಂಪಡಿಸಿ ಸುಮ್ನೆ ಕಾಯಿರಿ. ಮುದುಡಿದ ಎಲೆಗಳು ಅರ್ಧ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತವೆ. ಲೆನ್ಸಿನೊಳಗೆ ಆ ಬಿಚ್ಚಿಕೊಳ್ಳುವಿಕೆ ನೋಡುವುದೇ ಒಂದು ಸುಖ, ಅದಕ್ಕೋಸ್ಕರವೇ ನಾನು ಕೆಲವೊಮ್ಮೆ ಅಗತ್ಯವಿಲ್ಲದಿದ್ದರೂ ಸಿಂಪಡಿಸುತ್ತೇನೆ.

ಹೆಜ್ಜೆ 5: ಮಾಸ್ ಅಲ್ಲದ್ದನ್ನು ಬದಿಗಿಡಿ

ಕೆಸರಿನಲ್ಲಿ ಮೋಸ ಮಾಡುವ ಹಸಿರು ಬಹಳ. ನನಗೆ ಜಾಸ್ತಿ ಮೋಸ ಮಾಡಿದ್ದು ಬೊಟ್ರಿಡಿಯಮ್. 1ರಿಂದ 2 ಮಿ.ಮೀ. ಅಗಲದ ಹಸಿರು ಗುಂಡುಗಳು, ಒತ್ತೊತ್ತಾಗಿ ನೆಲದ ಮೇಲೆ ಕೂತಿರುತ್ತವೆ. ಮೊದಲ ಸಲ ನೋಡಿದಾಗ 'ಎಲೆಯೇ ಇಲ್ಲದೆ ಕ್ಯಾಪ್ಸೂಲ್ ಬಿಟ್ಟ ಮಾಸ್' ಎಂದುಕೊಂಡು ಎದೆ ಡವಡವ ಹೊಡೆದುಕೊಂಡಿತ್ತು. ಚಿಮುಟದಿಂದ ಹಿಡಿದೆ, ಪಟ್ ಎಂದು ಒಡೆದು ನೀರು ಚಿಮ್ಮಿತು. ಅದು ಶೈವಲ. ಒಂದು ಗುಂಡಿಗೆ ಒಂದೇ ಜೀವಕೋಶ, ಕೆಳಗೆ ಬಣ್ಣವಿಲ್ಲದ ಬೇರಿನಂಥ ಕವಲುಗಳು.

ನೆಲಕ್ಕೆ ಹಸಿರು ಕಂಬಳಿ ಹಾಸಿದಂತಿದ್ದರೆ ಅದು ವೌಚೇರಿಯಾ ಎಂಬ ಶೈವಲವಾಗಿರಬಹುದು. ಎಳೆಗಳು ದಪ್ಪ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಳೆಯೊಳಗೆ ಅಡ್ಡಗೋಡೆ ಕಾಣುವುದಿಲ್ಲ. ಪ್ರೋಟೋನೀಮದಲ್ಲಿ ಅಡ್ಡಗೋಡೆಗಳಿರುತ್ತವೆ, ಕೆಲವು ಓರೆಯಾಗಿಯೂ ಇರುತ್ತವೆ. ನಾಣ್ಯದಂತೆ ದುಂಡಗೆ ಹರಡಿ, ತುದಿಯಲ್ಲಿ ಎರಡಾಗಿ ಕವಲೊಡೆದ ಹಸಿರು ಪಟ್ಟಿಗಳಿದ್ದರೆ ಅದು ರಿಕ್ಸಿಯಾ, ಲಿವರ್‌ವರ್ಟ್. ಪುಟ್ಟ ಲೆಟ್ಯೂಸ್ ಥರ ಸುಕ್ಕು ಎಲೆ, ಬುಡದಲ್ಲಿ ನೇರಳೆ ಎಳೆಗಳಿದ್ದರೆ ಫಾಸಂಬ್ರೋನಿಯಾ, ಅದೂ ಲಿವರ್‌ವರ್ಟೇ. ಎರಡೇ ಎಲೆ ಎದುರುಬದುರಾಗಿ ಇದ್ದರೆ ಅದು ಯಾವುದೋ ಹೂಬಿಡುವ ಗಿಡದ ಮೊಳಕೆ. ಇವೂ ಚೆಂದವೇ, ಬರೆದಿಟ್ಟುಕೊಳ್ಳಿ. ಮಾಸ್‌ಗೆ ಹಿಡಿಸುವ ಕೆಸರು ಯಾವುದು ಎಂದು ಇವೇ ಹೇಳಿಕೊಡುತ್ತವೆ.

ಹೆಜ್ಜೆ 6: ಉಗುರಿನಷ್ಟು ಮಾತ್ರ ತೆಗೆಯಿರಿ

ಚಾಕುವನ್ನು ಮಲಗಿಸಿ, 3 ಅಥವಾ 4 ಮಿ.ಮೀ. ಆಳದಲ್ಲಿ ತೂರಿಸಿ, ಹೆಬ್ಬೆರಳಿನ ಉಗುರಿನಷ್ಟು ಕೆಸರಿನ ಬಿಲ್ಲೆ ಎತ್ತಿ. ಅಷ್ಟು ಸಾಕು. ಸುತ್ತಲೂ ಅದೇ ಗಿಡ ಹೇರಳವಾಗಿದ್ದರೆ ಮಾತ್ರ ಎತ್ತಿ. ಹತ್ತೇ ಗಿಡಗಳಿದ್ದರೆ ಫೋಟೋ ತೆಗೆದು, ಬೇಕಾದರೆ ಒಂದೇ ಒಂದು ಗಿಡ ತೆಗೆದುಕೊಳ್ಳಿ.

ಬಿಲ್ಲೆಯನ್ನು ಟಿಶ್ಯೂ ಹಾಸಿದ ಬೆಂಕಿಪೊಟ್ಟಣದಲ್ಲಿ ಅಲುಗಾಡದಂತೆ ಕೂರಿಸಿ. ಕಾಗದದ ಪೊಟ್ಟಣ ದೊಡ್ಡ ಮಾಸ್‌ಗೆ ಸರಿ, ಇಲ್ಲಿ ನಡೆಯುವುದಿಲ್ಲ. ಕೆಸರು ಒಣಗಿ ಪುಡಿಯಾಗುತ್ತದೆ, ಪುಡಿಯಲ್ಲಿ ನಿಮ್ಮ ಗಿಡ ಕಳೆದುಹೋಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಂತೂ ಹಾಕಿಡಲೇಬೇಡಿ. ಒಂದು ಇಡೀ ತಿಂಗಳ ಸಂಗ್ರಹವನ್ನು ನಾನು ಹಾಗೆ ಚೀಲದಲ್ಲಿ ಮರೆತು, ಬೂಷ್ಟು ಹಿಡಿದ ಮೇಲೆ ಎಸೆದಿದ್ದೇನೆ.

ಅಲ್ಲೇ ಕೂತು ಬರೆಯಿರಿ: ದಿನಾಂಕ, ಜಾಗ, ನೀರಿನಂಚಿನಿಂದ ಎಷ್ಟು ಮೀಟರ್ ದೂರ, ಕೆಸರು ಎಷ್ಟು ಹಸಿ, ನೆರಳೋ ಬಿಸಿಲೋ, ಜೊತೆಗೆ ಯಾವ ಗಿಡಗಳು. ಮನೆಗೆ ಹೋಗಿ ಬರೆಯುತ್ತೇನೆ ಎಂದುಕೊಂಡ ಯಾವ ಪೊಟ್ಟಣದ ವಿವರವೂ ನನಗೆ ಸರಿಯಾಗಿ ನೆನಪುಳಿದಿಲ್ಲ.

ಹೆಜ್ಜೆ 7: ಮೊದಲು ಸ್ನಾನ, ಆಮೇಲೆ ಪರೀಕ್ಷೆ

ಮನೆಗೆ ಬಂದ ಮೇಲೆ ಬಿಲ್ಲೆಯ ಅರ್ಧ ಭಾಗವನ್ನು ಹಾಗೆಯೇ ಒಣಗಲು ಬಿಡಿ. ಅದು ದಾಖಲೆ. ಇನ್ನರ್ಧವನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಹತ್ತು ನಿಮಿಷ ನೆನೆಸಿ. ಸಣ್ಣ ಪೇಂಟಿಂಗ್ ಬ್ರಷ್‌ನಿಂದ ತಟ್ಟುತ್ತಾ ಮಣ್ಣು ಬಿಡಿಸಿ. ಉಜ್ಜಬೇಡಿ, ತಟ್ಟಿ. ಬೇರಿನಂಥ ಎಳೆಗಳು ತುಂಡಾಗಬಾರದು. ಕೊನೆಗೆ ಬಹಳ ಸಲ ಗುಟ್ಟು ಇರುವುದು ಆ ಎಳೆಗಳಲ್ಲೇ. ತೊಳೆದ ಕೆಸರು ನೀರನ್ನೂ ತಕ್ಷಣ ಚೆಲ್ಲಬೇಡಿ, ಅದರಲ್ಲಿ ಬಿದ್ದ ಕ್ಯಾಪ್ಸೂಲ್‌ಗಳಿರಬಹುದು.

ಹೆಜ್ಜೆ 8: ಕ್ಯಾಪ್ಸೂಲ್ ಎಲ್ಲಿ ಕೂತಿದೆ?

ಹೆಸರು ಹಿಡಿಯಲು ನಾನು ಕೇಳುವ ಮೊದಲ ಪ್ರಶ್ನೆ ಇದು. ಎಲೆಯಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ, ಈ ಪುಟಾಣಿಗಳ ಎಲೆಗಳು ಒಂದನ್ನೊಂದು ಹೋಲುತ್ತವೆ.

ಕ್ಯಾಪ್ಸೂಲ್‌ಗೆ ದಂಟಿಲ್ಲದೆ ಎಲೆಗಳ ನಡುವೆ ಹುದುಗಿ ಕೂತಿದೆಯೇ? ಹಾಗಿದ್ದರೆ ನೀವು ಅಸಲಿ ಕೆಸರು ಮಾಸ್‌ಗಳ ಗುಂಪಿಗೆ ಬಂದಿದ್ದೀರಿ. ಮರದ ಮೇಲಿನ ಎಷ್ಟೋ ಮಾಸ್‌ಗಳು ದಂಟು ಎತ್ತಿ ಬೀಜಾಣುವನ್ನು ಗಾಳಿಗೆ ತೂರುತ್ತವೆ. ಕೆಸರಿನದಕ್ಕೆ ದಂಟು ಬೆಳೆಸುವಷ್ಟು ಬಿಡುವಿಲ್ಲ. ಬೀಜಾಣು ಬುಡದಲ್ಲೇ ಬಿದ್ದರೂ ನಷ್ಟವಿಲ್ಲ, ಅಮ್ಮ ಬೆಳೆದ ಕೆಸರೇ ಮಗುವಿಗೂ ಒಳ್ಳೆಯ ಜಾಗ. ಹಾಗಾಗಿ ಇವುಗಳಲ್ಲಿ ಅನೇಕಕ್ಕೆ ಕ್ಯಾಪ್ಸೂಲಿನ ಮುಚ್ಚಳವೂ ಇಲ್ಲ. ಗೋಡೆ ಕೊಳೆತು, ಹರಿದು, ಬೀಜಾಣು ಹೊರಬೀಳುತ್ತದೆ.

ಈ ಗುಂಪಿನಲ್ಲಿ ಎರಡನ್ನು ಚೆನ್ನಾಗಿ ಕಲಿತರೆ ಉಳಿದವು ಸುಲಭ. ಮೊದಲನೆಯದು ಫಿಸ್ಕೊಮಿಟ್ರಿಯಮ್ ಪೇಟೆನ್ಸ್. ಹಳೆಯ ಪುಸ್ತಕಗಳಲ್ಲಿ ಫಿಸ್ಕೊಮಿಟ್ರೆಲ್ಲಾ ಎಂದಿರುತ್ತದೆ. 2ರಿಂದ 5 ಮಿ.ಮೀ. ಎತ್ತರ. ಎಲೆ ಅಗಲ, ನಡುವಿಗಿಂತ ಮೇಲೆ ಹೆಚ್ಚು ಅಗಲ, ಚಮಚದ ನೆನಪು ತರುತ್ತದೆ. ಎಲೆಯ ನಡುವೆ ಒಂದು ನರ ಇದೆ, ಅದು ತುದಿ ಮುಟ್ಟುವ ಮುನ್ನವೇ ನಿಲ್ಲುತ್ತದೆ. ಅಂಚಿನ ಮೇಲ್ಭಾಗದಲ್ಲಿ ಸಣ್ಣ ಹಲ್ಲುಗಳು. ಜೀವಕೋಶಗಳು ದೊಡ್ಡವು, ಗೋಡೆ ತೆಳು, ಲೆನ್ಸಿನಲ್ಲೇ ಜಾಲರಿ ಕಂಡಂತಾಗುತ್ತದೆ. ಗುಂಡು ಕ್ಯಾಪ್ಸೂಲ್, ತಲೆಯ ಮೇಲೆ ಪುಟ್ಟ ಚೂಪು, ಅದಕ್ಕೆ ಚಿಕ್ಕದೊಂದು ಕುಲಾವಿ.

ಎರಡನೆಯದು ಎಫೆಮೆರಮ್. ಕೆಸರಿನ ಮೇಲೆ ಗಿಡದ ಸುತ್ತ ಹಸಿರು ಎಳೆಗಳ ಬಲೆ ಇನ್ನೂ ಉಳಿದಿದೆಯೇ ನೋಡಿ. ಇದ್ದರೆ ಎಫೆಮೆರಮ್ ಇರುವ ಸಾಧ್ಯತೆ ಜಾಸ್ತಿ. ಹೆಚ್ಚಿನ ಮಾಸ್‌ಗಳಲ್ಲಿ ಗಿಡ ಬೆಳೆದಂತೆ ಪ್ರೋಟೋನೀಮ ಮಾಯವಾಗುತ್ತದೆ, ಇದರಲ್ಲಿ ಕೊನೆಯವರೆಗೂ ಇರುತ್ತದೆ. ಗಿಡ 1ರಿಂದ 2 ಮಿ.ಮೀ. ಎಲೆ ಕಿರಿದು, ಅಂಚಿಗೆ ಗರಗಸದಂಥ ಹಲ್ಲು. ಕೆಲವು ಪ್ರಭೇದಗಳಿಗೆ ನಡುನರ ಇಲ್ಲವೇ ಇಲ್ಲ, ಕೆಲವಕ್ಕೆ ದಪ್ಪಗೆ ಇದೆ. ಪ್ರಭೇದ ಬೇರ್ಪಡಿಸುವಾಗ ಮೊದಲು ನೋಡಬೇಕಾದ್ದೇ ಅದು.

ಇವೆರಡೂ ಒಂದೇ ಅಂಗೈಯಲ್ಲಿ ಬೆಳೆಯುತ್ತವೆ, ನೋಡಲು ಅಕ್ಕತಂಗಿಯರ ಹಾಗೆ. ಆದರೆ ಹತ್ತಿರದ ನೆಂಟಸ್ತನವೇನೂ ಇಲ್ಲ. ಬೇರೆ ಬೇರೆ ಮನೆತನದವು ಒಂದೇ ಕೆಸರಿನ ಬಾಳಿಗೆ ಹೊಂದಿಕೊಂಡು ಒಂದೇ ಆಕಾರಕ್ಕೆ ಬಂದಿವೆ.

ನಡುನರವಿಲ್ಲದೆ, ಎಫೆಮೆರಮ್‌ಗಿಂತಲೂ ಚಿಕ್ಕದಾಗಿ, ಕ್ಯಾಪ್ಸೂಲ್ ಅರ್ಧ ಮಿ.ಮೀ.ಗೂ ಕಮ್ಮಿ ಇದ್ದರೆ ಮೈಕ್ರೊಮಿಟ್ರಿಯಮ್ ಇರಬಹುದೇ ಎಂದು ಯೋಚಿಸಿ. ಎಲೆಗಳು ನೀಳವಾಗಿ ಕಿರಿದಾಗಿದ್ದು, ಗಿಡ 3ರಿಂದ 5 ಮಿ.ಮೀ. ಇದ್ದು, ಹಳದಿ ಹಸಿರಾಗಿದ್ದರೆ ಸೂಡೆಫೆಮೆರಮ್. ಕ್ಯಾಪ್ಸೂಲಿನ ಗೋಡೆಯ ಮೂಲಕ ಒಳಗಿನ ದೊಡ್ಡ ದೊಡ್ಡ ಬೀಜಾಣುಗಳು ಕೈ ಲೆನ್ಸಿಗೇ ಕಂಡರೆ ಅದು ಆರ್ಕಿಡಿಯಮ್. ಮಾಸ್‌ಗಳಲ್ಲಿ ಅತಿ ದೊಡ್ಡ ಬೀಜಾಣು ಅದರದ್ದು, 0.1ರಿಂದ 0.3 ಮಿ.ಮೀ.ವರೆಗೆ. ಬೇರೆಯವು ಸಾವಿರಗಟ್ಟಲೆ ಬೀಜಾಣು ತುಂಬಿಕೊಂಡರೆ ಇದರ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಕೆಲವೇ ಡಜನ್. ಅಮೆರಿಕದ ಪೂರ್ವಭಾಗದಲ್ಲಿ ಹುಡುಕುವವರು ಅಫನೊರೆಗ್ಮಾ ಎಂಬುದನ್ನೂ ನೆನಪಿಡಬೇಕು. ಅದು ಪೇಟೆನ್ಸ್‌ನಂತೆಯೇ ಕಾಣುತ್ತದೆ, ಆದರೆ ಕ್ಯಾಪ್ಸೂಲ್ ನಡುವಿಗೆ ಸೀಳಿ ಎರಡು ಬಟ್ಟಲಾಗುತ್ತದೆ.

ಕ್ಯಾಪ್ಸೂಲ್ ದಂಟಿನ ಮೇಲೆ ಎದ್ದಿದ್ದರೆ ದಾರಿ ಬೇರೆ. ನೆಟ್ಟಗೆ ನಿಂತ, ಮುಚ್ಚಳ ಬಿದ್ದ ಮೇಲೆ ಬಟ್ಟಲು ಅಥವಾ ಬುಗುರಿಯಂತಾಗುವ, ಬಾಯಿಯಲ್ಲಿ ಹಲ್ಲಿಲ್ಲದ ಕ್ಯಾಪ್ಸೂಲ್ ಫಿಸ್ಕೊಮಿಟ್ರಿಯಮ್‌ನ ಉಳಿದ ಪ್ರಭೇದಗಳದ್ದು. ಓರೆಯಾಗಿ ಬಾಗಿದ, ಗೀರುಗಳಿರುವ ಕ್ಯಾಪ್ಸೂಲ್ ಫ್ಯೂನೇರಿಯಾ ಹೈಗ್ರೊಮೆಟ್ರಿಕಾ. ಅದರ ಒಣ ದಂಟಿನ ಮೇಲೆ ಬಾಯಿಯಿಂದ ಬಿಸಿಯುಸಿರು ಬಿಟ್ಟು ನೋಡಿ. ತೇವ ತಾಗಿದ ಕೂಡಲೇ ದಂಟು ತಿರುಗತೊಡಗುತ್ತದೆ, ಕ್ಯಾಪ್ಸೂಲ್ ತಲೆಯಾಡಿಸಿದಂತೆ ಸುತ್ತುತ್ತದೆ. ಕೂದಲಿನಂಥ ಉದ್ದನೆಯ ಎಲೆ, ಹೊಳೆಯುವ ಪೇರಳೆಯಾಕಾರದ ಕ್ಯಾಪ್ಸೂಲ್ ಇದ್ದರೆ ಲೆಪ್ಟೊಬ್ರಯಮ್. ಎಲೆಗಳು ಗರಿಯಂತೆ ಎರಡೇ ಸಾಲಿನಲ್ಲಿ ಚಪ್ಪಟೆಯಾಗಿದ್ದರೆ ಕ್ಯಾಪ್ಸೂಲ್ ನೋಡುವುದೇ ಬೇಡ, ಅದು ಫಿಸ್ಸಿಡೆನ್ಸ್. ಅದರೊಳಗಿನ ಪ್ರಭೇದ ಯಾವುದು ಎನ್ನುವುದು ಮಾತ್ರ ಇನ್ನೊಂದು ತಲೆನೋವು.

ಹೆಜ್ಜೆ 9: ಕ್ಯಾಪ್ಸೂಲ್ ಇಲ್ಲದಿದ್ದರೆ ಬುಡ ಕೆದಕಿ

ಬ್ರಯಮ್, ಡೈಕ್ರನೆಲ್ಲಾ ಜಾತಿಯವು ಕೆಸರಿನಲ್ಲಿ ಬಹಳ ಸಲ ಕ್ಯಾಪ್ಸೂಲ್ ಬಿಡುವುದೇ ಇಲ್ಲ. ಬದಲಿಗೆ ಮಣ್ಣಿನೊಳಗಿನ ಎಳೆಗಳ ಮೇಲೆ ಸಣ್ಣ ಗೆಡ್ಡೆಗಳನ್ನು ಕಟ್ಟುತ್ತವೆ. ಗಿಡ ಸತ್ತರೂ ಗೆಡ್ಡೆ ಉಳಿಯುತ್ತದೆ, ಮುಂದಿನ ಸಲ ಅದರಿಂದಲೇ ಗಿಡ ಏಳುತ್ತದೆ. ಎಲೆಯಲ್ಲಿ ವ್ಯತ್ಯಾಸ ಕಾಣದ ಪ್ರಭೇದಗಳು ಗೆಡ್ಡೆಯಲ್ಲಿ ಬೇರೆಯಾಗುತ್ತವೆ.

ತೊಳೆದ ಎಳೆಗಳನ್ನು ಒಂದು ಹನಿ ನೀರಿನಲ್ಲಿ ಹರಡಿ, 40 ಪಟ್ಟಿನಿಂದ ಶುರುಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಬಣ್ಣ, ಆಕಾರ, ಅಳತೆ ಬರೆಯಿರಿ. ಕಡುಗೆಂಪಾಗಿ, ಉಬ್ಬಿದ ಕೋಶಗಳಿಂದ ರಾಸ್ಪ್‌ಬೆರಿ ಹಣ್ಣಿನಂತೆ ಕಂಡರೆ ಬ್ರಯಮ್ ಕ್ಲಿಂಗ್‌ಗ್ರೇಫಿ. ಅದಕ್ಕಿಂತ ದೊಡ್ಡದಾಗಿ, 0.2 ಮಿ.ಮೀ. ಆಸುಪಾಸಿನಲ್ಲಿ ಕೆಂಪು ಗುಂಡುಗಳು ಕಾಂಡದ ಬುಡದಲ್ಲೂ ಅಂಟಿಕೊಂಡಿದ್ದರೆ ಬ್ರಯಮ್ ರೂಬೆನ್ಸ್. ಎಳೆಗಳೇ ನೇರಳೆ ಬಣ್ಣದ್ದಾದರೆ ಬ್ರಯಮ್ ವಯೊಲೇಸಿಯಮ್. ಹೊಸ ಪುಸ್ತಕಗಳಲ್ಲಿ ಬ್ರಯಮ್ ಕುಲವನ್ನು ಹಲವು ತುಂಡು ಮಾಡಿದ್ದಾರೆ, ಹೆಸರು ಬೇರೆ ಕಂಡರೆ ಗಾಬರಿ ಬೇಡ.

ಗೆಡ್ಡೆ ಒಂದೇ ಸಲಕ್ಕೆ ಸಿಗುವುದಿಲ್ಲ. ಮೂರು ಸ್ಲೈಡ್ ಖಾಲಿ ಹೋಗಿ ನಾಲ್ಕನೆಯದರಲ್ಲಿ ಸಿಕ್ಕಿದ್ದೂ ಇದೆ. ಎಳೆ ಗಿಡದಲ್ಲಿ ಗೆಡ್ಡೆ ಇನ್ನೂ ಬಲಿತಿರುವುದಿಲ್ಲ, ಬಣ್ಣವೂ ತಿಳಿಯಾಗಿರುತ್ತದೆ.

ಹೆಜ್ಜೆ 10: ಬೀಜಾಣು ಅಳೆಯಿರಿ

ಬಲಿತ ಕ್ಯಾಪ್ಸೂಲ್ ಒಂದನ್ನು ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿಟ್ಟು ಸೂಜಿಯಿಂದ ಒತ್ತಿ. ಗುಳ್ಳೆ ಬಂದರೆ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಕಣ ಸೇರಿಸಿ. ಬೀಜಾಣು ಕಂದು ಬಣ್ಣಕ್ಕೆ ತಿರುಗಿರಬೇಕು. ಹಸಿರಾಗಿದ್ದರೆ ಎಳಸು, ಅಳತೆ ನಂಬುವ ಹಾಗಿಲ್ಲ.

ಅಳೆಯಲು ಕಣ್ಣುಕೊಳವೆಯೊಳಗೆ ಗೆರೆಗಳಿರುವ ಗಾಜು ಬೇಕು. ಆ ಗೆರೆಗೆ ಸ್ವಂತ ಅಳತೆಯಿಲ್ಲ, ಅದನ್ನು ಮೊದಲು ಹೊಂದಿಸಬೇಕು. 1 ಮಿ.ಮೀ.ಯನ್ನು 100 ಭಾಗ ಮಾಡಿದ ಸ್ಲೈಡ್ ಸಿಗುತ್ತದೆ, ಅದರ ಒಂದು ಮನೆ 10 ಮೈಕ್ರೋಮೀಟರ್. 400 ಪಟ್ಟಿನಲ್ಲಿ ಕಣ್ಣುಕೊಳವೆಯ 40 ಮನೆ ಆ ಸ್ಲೈಡಿನ 10 ಮನೆಗೆ ಸರಿಹೊಂದಿತು ಎನ್ನಿ. ಅಂದರೆ 40 ಮನೆಗೆ 100 ಮೈಕ್ರೋಮೀಟರ್, ಒಂದು ಮನೆಗೆ 2.5. ಬೀಜಾಣು 12 ಮನೆ ಅಗಲವಿದ್ದರೆ 30 ಮೈಕ್ರೋಮೀಟರ್. ಪ್ರತಿ ಲೆನ್ಸಿಗೂ ಬೇರೆಯಾಗಿ ಒಮ್ಮೆ ಹೊಂದಿಸಿ ಚೀಟಿ ಅಂಟಿಸಿಡಿ.

ಒಂದನ್ನಲ್ಲ, ಕನಿಷ್ಠ ಹತ್ತು ಬೀಜಾಣು ಅಳೆಯಿರಿ. ಫಿಸ್ಕೊಮಿಟ್ರಿಯಮ್ ಪೇಟೆನ್ಸ್ 30ರ ಆಸುಪಾಸು ಬರುತ್ತದೆ. ಎಫೆಮೆರಮ್ ಅದಕ್ಕಿಂತ ದೊಡ್ಡದು, ಸಾಮಾನ್ಯವಾಗಿ 40ರಿಂದ 80ರ ನಡುವೆ. ಫ್ಯೂನೇರಿಯಾ 15ರ ಹತ್ತಿರ. ಅಳತೆಯ ಜೊತೆ ಮೈ ಹೇಗಿದೆ ನೋಡಿ: ನುಣುಪೋ, ಮುಳ್ಳೋ, ಗುಬುಟೋ.

ಇಷ್ಟಾದರೂ ಪ್ರಭೇದ ಸಿಗದಿದ್ದರೆ 'ಎಫೆಮೆರಮ್, ಪ್ರಭೇದ ತಿಳಿಯದು' ಎಂದು ಬರೆದು ನಿಲ್ಲಿಸಿ. ಊಹೆ ಮಾಡಿ ಬರೆದ ಪೂರ್ತಿ ಹೆಸರಿಗಿಂತ ಖಚಿತವಾದ ಅರ್ಧ ಹೆಸರಿಗೆ ಬೆಲೆ ಜಾಸ್ತಿ. ಒಣಗಿಸಿಟ್ಟ ಅರ್ಧ ಬಿಲ್ಲೆ ಇದೆಯಲ್ಲ, ಬಲ್ಲವರು ಇನ್ನೊಮ್ಮೆ ನೋಡಬಹುದು.

ಬರಿಗೈಲಿ ಬಂದರೆ: ಕೆಸರನ್ನೇ ಬೆಳೆಸಿ

ಹೊತ್ತು ತಪ್ಪಿ ಹೋದಿರಿ, ಗಿಡ ಒಂದೂ ಇಲ್ಲ. ಆಗ ಎರಡು ಚಮಚ ಕೆಸರು ತನ್ನಿ. ಡಾರ್ವಿನ್ ಹೀಗೆಯೇ ಒಂದು ಪುಟ್ಟ ಕೊಳದ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು, ಆರು ತಿಂಗಳು ಮುಚ್ಚಿಟ್ಟು, ಮೊಳೆತ ಒಂದೊಂದು ಗಿಡವನ್ನೂ ಕಿತ್ತು ಎಣಿಸಿದ್ದ. 537 ಆಗಿದ್ದವು. ನೀರುಹಕ್ಕಿಗಳ ಕಾಲಿಗೆ ಅಂಟಿದ ಕೆಸರು ಏನೇನು ಹೊತ್ತೊಯ್ಯಬಲ್ಲದು ಎಂದು ತೋರಿಸಲು ಅವನು ಹಾಗೆ ಮಾಡಿದ್ದು.

ಪಾರದರ್ಶಕ ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಕೆಸರನ್ನು 1 ಸೆಂ.ಮೀ. ದಪ್ಪಕ್ಕೆ ಹರಡಿ. ಕುದಿಸಿ ಆರಿಸಿದ ನೀರು ಮಾತ್ರ ಹಾಕಿ, ನೀರು ನಿಲ್ಲಬಾರದು. ಬೆಳಕಿರಲಿ, ನೇರ ಬಿಸಿಲು ಬೇಡ. ಒಂದೆರಡು ವಾರದಲ್ಲಿ ಹಸಿರು ಎಳೆ, ಒಂದು ಒಂದೂವರೆ ತಿಂಗಳಲ್ಲಿ ಎಲೆ ಬರುವುದುಂಟು. ಹುಲ್ಲಿನ ಮೊಳಕೆಗಳನ್ನು ಆಗಾಗ ಕಿತ್ತುಹಾಕಿ. ಎಲೆ ಬಂದರೂ ಕ್ಯಾಪ್ಸೂಲ್ ಬರುತ್ತಿಲ್ಲವೇ? ಪೇಟೆನ್ಸ್‌ಗೆ ತಂಪು ಮತ್ತು ಚಿಕ್ಕ ಹಗಲು ಬೇಕು. ಪ್ರಯೋಗಾಲಯಗಳಲ್ಲಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ದಿನಕ್ಕೆ 8 ಗಂಟೆ ಬೆಳಕು ಕೊಟ್ಟು ಬರಿಸುತ್ತಾರೆ.

ಪ್ರಯೋಗಾಲಯದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 1962ರಲ್ಲಿ ಇಂಗ್ಲೆಂಡಿನ ಗ್ರ್ಯಾನ್ಸ್‌ಡೆನ್ ವುಡ್ ಎಂಬಲ್ಲಿ ಹೆರಾಲ್ಡ್ ವೈಟ್‌ಹೌಸ್ ಎಂಬ ತಳಿವಿಜ್ಞಾನಿ ಪೇಟೆನ್ಸ್ ಸಂಗ್ರಹಿಸಿದರು. ಅದರ ಒಂದೇ ಬೀಜಾಣುವಿನಿಂದ ಬೆಳೆಸಿದ ವಂಶ ಇವತ್ತಿಗೂ ಜಗತ್ತಿನ ಎಷ್ಟೋ ಪ್ರಯೋಗಾಲಯಗಳ ಗಾಜಿನ ತಟ್ಟೆಗಳಲ್ಲಿದೆ. ಮಾಸ್‌ಗಳಲ್ಲಿ ಮೊದಲು ಪೂರ್ತಿ ಜೀನೋಮ್ ಓದಿದ್ದೂ ಅದರದ್ದೇ, 2008ರಲ್ಲಿ ಪ್ರಕಟವಾಯಿತು. ಕೆಸರಿನ ಮಾಸ್‌ಗಳ ಗೆಡ್ಡೆಗಳ ಕಡೆಗೆ ಬೇರೆಯವರ ಕಣ್ಣು ತಿರುಗಿಸಿದವರಲ್ಲೂ ಅದೇ ವೈಟ್‌ಹೌಸ್ ಒಬ್ಬರು.

ನನ್ನ ಕಿಟಕಿಯ ಬಳಿ ಈಗ ಇಂಥ ಮೂರು ಡಬ್ಬಿಗಳಿವೆ. ಒಂದರಲ್ಲಿ ಶೈವಲ ಮಾತ್ರ. ಇನ್ನೊಂದರಲ್ಲಿ ಬೂಷ್ಟು. ಮೂರನೆಯದರಲ್ಲಿ, ಡಬ್ಬಿಯ ಮೂಲೆಯಲ್ಲಿ ಕೆಸರು ಸ್ವಲ್ಪ ಬಿರುಕು ಬಿಟ್ಟ ಕಡೆ, ಹಸಿರು ಎಳೆಗಳು ಹಬ್ಬಿವೆ. ಅಡ್ಡಗೋಡೆಗಳಿವೆ, ಓರೆಯಾಗಿವೆ. ನಿನ್ನೆ ಅದರ ಮೇಲೆ ಒಂದು ಮೊಗ್ಗು ಮೂಡಿದೆ. ಎಲೆ ಬಿಚ್ಚಿಲ್ಲ, ನಡುನರ ಇದೆಯೋ ಇಲ್ಲವೋ ನೋಡಲು ಇನ್ನೊಂದು ವಾರ ಕಾಯಬೇಕು.